ಮೇವಿನ ಹೊಲದಲ್ಲಿ ಜೇನಿಗೂ ಎರಡು ಸಾಲು

ಮೇವಿನ ಬೆಳೆಯಾದ ಕುದುರೆ ಮಸಾಲೆಯನ್ನು (ಲೂಸರ್ನ್) ಹೂ ಅರಳುವ ಮೊದಲೇ ಪೂರ್ತಿ ಕೊಯ್ಯುವ ಬದಲು, ಬದುವಿನ ಪಕ್ಕದ ಎರಡು ಸಾಲುಗಳನ್ನು ಸರದಿಯಂತೆ ಬಿಟ್ಟುಕೊಂಡರೆ, ಅದರ ನೇರಳೆ ಹೂವಿಗೆ ತುಡುವೆ ಜೇನು ಬೆಳಗಿನಿಂದಲೇ ಬರುತ್ತದೆ. ಬೇಲಿಯ ಗ್ಲಿರಿಸಿಡಿಯಾ ಗಿಡವನ್ನೂ ಹೂ ಮುಗಿದ ಮೇಲೆಯೇ ಸವರಬಹುದು.

ಹಸುವಿನ ಉಣ್ಣೆ ಹುಳುವಿಗೆ ಹೊಡೆಯುವ ಔಷಧಿ ಜೇನನ್ನೂ ಕೊಲ್ಲಬಲ್ಲದು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಇಂಥ ಔಷಧಿಗಳಾದ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಎರಡೂ ಜೇನಿಗೆ ವಿಷವೇ ಆಗಿರುವುದರಿಂದ, ಹಸುಗಳಿಗೆ ಅವನ್ನು ಸಿಂಪಡಿಸುವ ಕೆಲಸವನ್ನು ಹೂವಿನ ಸಾಲುಗಳಿಂದ ದೂರದಲ್ಲಿ, ಜೇನು ಗೂಡು ಸೇರಿದ ಮುಸ್ಸಂಜೆಯಲ್ಲಿ ಮಾಡಿ. ಮಿಕ್ಕ ದ್ರಾವಣವನ್ನು ಕಾಲುವೆಗಂತೂ ಚೆಲ್ಲಲೇಬೇಡಿ. ಕೊಟ್ಟಿಗೆಯ ನೀರಿನ ತೊಟ್ಟಿಯಲ್ಲಿ ಒಣಗಿದ ತೆಂಗಿನ ಮಟ್ಟೆಯ ತುಂಡೊಂದನ್ನು ತೇಲಿಬಿಡಿ. ಬೇಸಿಗೆಯಲ್ಲಿ ಬಾಯಾರಿ ಬಂದ ಜೇನುಗಳು ನೀರಿನಲ್ಲಿ ಮುಳುಗದೆ, ಆ ಮಟ್ಟೆಯ ಒದ್ದೆ ಅಂಚಿನಲ್ಲಿ ಸಾಲಾಗಿ ಕುಳಿತು ಕುಡಿಯುತ್ತವೆ. ಹಸುಗಳು ಅದನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿಕೊಂಡು ತಮ್ಮ ಪಾಡಿಗೆ ಕುಡಿಯುತ್ತವೆ.