ಕರ್ಸರ್ ಬೇಡ ಅಂದರು. 3 ಕೋಟಿ ಸಾಲು 50 ನಿಮಿಷದಲ್ಲಿ ಮುಗಿಯಿತು

ಕರ್ಸರ್ (ಡೇಟಾಬೇಸ್‌ನ ಸಾಲುಗಳನ್ನು ಒಂದೊಂದಾಗಿ ಓದುವ ಸಾಧನ) ಅಂದ ಕೂಡಲೇ ಮೂಗು ಮುರಿಯುವವರೇ ಹೆಚ್ಚು. ‘ಒಂದೇ ಅಪ್‌ಡೇಟ್‌ನಲ್ಲಿ ಮುಗಿಸು’ ಎಂಬ ಮಾತು ನಂಬಿ ಮೊದಲು ಹಾಗೇ ಮಾಡಿದೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, ಸುಮಾರು 3 ಕೋಟಿ ಸಾಲಿನ ಟೇಬಲ್. ಒಂದು ಸ್ಟೇಟ್‌ಮೆಂಟ್ 5,000ದಷ್ಟು ಲಾಕ್ (ಬೇರೆಯವರು ಮುಟ್ಟದಂತೆ ಹಾಕುವ ಬೀಗ) ಹಿಡಿಯಿತೆಂದರೆ ಇಡೀ ಟೇಬಲ್‌ಗೇ ಲಾಕ್ ಏರುತ್ತದೆ. ಉಳಿದ ಕ್ವೆರಿಗಳೆಲ್ಲ ಸಾಲುಗಟ್ಟಿ ನಿಂತವು. ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಇಲ್ಲವೇ ಅಳಿಯುವ ಬದಲಾವಣೆಗಳ ಗುಂಪು) ಮುಗಿಯದೆ, ಬದಲಾವಣೆಗಳನ್ನು ಬರೆದಿಡುವ ಲಾಗ್ ಖಾಲಿಯಾಗದು, ಡಿಸ್ಕ್ ತುಂಬಿತು. ಕ್ಲೌಡ್ ಡಿಸ್ಕ್ ಹಿಗ್ಗಿಸಿದಷ್ಟು ಸುಲಭವಾಗಿ ಕುಗ್ಗುವುದಿಲ್ಲ, ಆ ಬಾಡಿಗೆ ಇಂದಿಗೂ ಬಿಲ್ಲಿನಲ್ಲಿದೆ.

ಮುಂದೆ ಕರ್ಸರ್‌ನಲ್ಲಿ ಸಾಲಿಗೊಂದು ಫೆಚ್ (ಮುಂದಿನ ಸಾಲು ತರುವುದು): ಹನ್ನೊಂದು ಗಂಟೆ. ಕರ್ಸರ್‌ಗೆ ಕೆಟ್ಟ ಹೆಸರು ಬಂದಿರುವುದು ಇದರಿಂದಲೇ.

ಗೆದ್ದದ್ದು ಮೂರನೆಯದು. ಕರ್ಸರ್ ಸಾಲುಗಳ ಮೇಲಲ್ಲ, ಕೀ (ಪ್ರತಿ ಸಾಲನ್ನು ಗುರುತಿಸುವ ಸಂಖ್ಯೆ) ತುಂಡುಗಳ ಮೇಲೆ. 4,000 ಸಾಲಿಗೊಂದು ತುಂಡಿನಂತೆ ಮೊದಲ ಕೀ, ಕೊನೆಯ ಕೀ ಟೆಂಪ್ ಟೇಬಲ್‌ನಲ್ಲಿಟ್ಟೆ. ಒಟ್ಟು 7,500ರಷ್ಟು ತುಂಡು. ಪ್ರತಿ ಸುತ್ತಿಗೆ ಒಂದು ಅಪ್‌ಡೇಟ್, ಒಂದು ಕಮಿಟ್ (ಬದಲಾವಣೆ ಖಾಯಂ ಮಾಡುವುದು). ಬ್ಯಾಕಪ್ ಆಗುವವರೆಗೂ ಲಾಗ್ ಉಳಿಸುವ ಫುಲ್ ರಿಕವರಿಯಲ್ಲಿ ಕಮಿಟ್ ಒಂದೇ ಸಾಲದು, ನಡುನಡುವೆ ಲಾಗ್ ಬ್ಯಾಕಪ್ ಓಡಲೇಬೇಕು. ಎಲ್ಲ ಸೇರಿ 50 ನಿಮಿಷ, ಟೇಬಲ್ ಲಾಕ್ ಒಮ್ಮೆಯೂ ಬೀಳಲಿಲ್ಲ. ನಡುನಡುವೆ ಸಂಖ್ಯೆ ಬಿಟ್ಟುಹೋಗಿರುವ ಕೀಗೆ ಗಡಿ ಹೇಗೆ ಹಾಕಿದೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಎಡವಿದ ಜಾಗಗಳು ಇನ್ನೂ ಇವೆ. ಎಲ್ಲರೂ ಹೇಳುವ ಫಾಸ್ಟ್ ಫಾರ್ವರ್ಡ್ (ಮುಂದಕ್ಕೆ ಮಾತ್ರ ಓದುವ ಕರ್ಸರ್ ಬಗೆ) ಹಾಕಿದ್ದೆ. ಒಂದು ತುಂಡು ಡೆಡ್‌ಲಾಕ್‌ಗೆ (ಇಬ್ಬರೂ ಪರಸ್ಪರರ ಲಾಕ್‌ಗೆ ಕಾಯುವ ಸ್ಥಿತಿ) ಸಿಕ್ಕಿ ರೋಲ್‌ಬ್ಯಾಕ್ (ಬದಲಾವಣೆ ರದ್ದು) ಆದಾಗ ಕರ್ಸರೇ ಮುಚ್ಚಿಹೋಯಿತು. ಸಾಲುಗಳ ನಕಲು ಇಟ್ಟುಕೊಳ್ಳುವ ಸ್ಟ್ಯಾಟಿಕ್ ಬಗೆ ಆದರೆ, ಎರರ್ ಅನ್ನು ಟ್ರೈ-ಕ್ಯಾಚ್‌ನಲ್ಲಿ ಹಿಡಿದಿದ್ದಲ್ಲಿ, ರೋಲ್‌ಬ್ಯಾಕ್ ದಾಟಿಯೂ ತೆರೆದೇ ಇರುತ್ತದೆ. 7,500 ಸಾಲಿನ ನಕಲು ತಾತ್ಕಾಲಿಕ ಡೇಟಾಬೇಸ್ ಆದ ಟೆಂಪ್‌ಡಿಬಿಗೆ ಭಾರವೇ ಅಲ್ಲ. ಲೋಕಲ್ ಎಂದು ಬರೆಯದಿದ್ದರೆ ಕರ್ಸರ್ ಸಾಮಾನ್ಯವಾಗಿ ಗ್ಲೋಬಲ್ (ಇಡೀ ಕನೆಕ್ಷನ್‌ಗೆ ಸೇರಿದ್ದು) ಆಗುತ್ತದೆ. ನಡುವೆ ಎರರ್ ಬಂದು ಡೀಅಲೊಕೇಟ್ (ಕರ್ಸರ್ ತೆಗೆದುಹಾಕುವುದು) ತಪ್ಪಿದರೆ, ಅದೇ ಕನೆಕ್ಷನ್‌ನಲ್ಲಿ ಮತ್ತೆ ಓಡಿಸಿದಾಗ ಎರರ್ 16915, ಆ ಹೆಸರಿನ ಕರ್ಸರ್ ಆಗಲೇ ಇದೆ ಎಂದು. ಕೊನೆಯ ಫೆಚ್‌ನಲ್ಲಿ ಸಾಲು ಸಿಕ್ಕಿತೇ ಎಂದು ಹೇಳುವ ಫೆಚ್ ಸ್ಟೇಟಸ್ ಇಡೀ ಕನೆಕ್ಷನ್‌ಗೆ ಒಂದೇ, ಒಳಗೆ ಕರೆದ ಪ್ರೊಸೀಜರ್ ಫೆಚ್ ಮಾಡಿದರೆ ಅದೂ ಬದಲಾಗುತ್ತದೆ. ಹಾಗಾಗಿ ಲೂಪಿನ ತಲೆಯಲ್ಲಿ ಒಂದೇ ಫೆಚ್, ಅದರ ಬೆನ್ನಿಗೇ ತಪಾಸಣೆ, ಸೊನ್ನೆಯಲ್ಲದಿದ್ದರೆ ಬ್ರೇಕ್. ಫೆಚ್ ಲೂಪಿನ ಕೊನೆಯಲ್ಲಿದ್ದರೆ ಒಂದು ಕಂಟಿನ್ಯೂ (ಲೂಪಿನ ತಲೆಗೆ ಹಾರುವ ಆಜ್ಞೆ) ಸಾಕು, ಅದೇ ತುಂಡು ಕೊನೆಯಿಲ್ಲದೆ ಸುತ್ತುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲೂ ಒಂದು ಕೈ ನೋಡಿದೆ. ಅಲ್ಲಿ ಕರ್ಸರ್ ಟಪಲ್ ಫ್ರ್ಯಾಕ್ಷನ್ ಎಂಬ ಸೆಟ್ಟಿಂಗ್ ಮೊದಲಿಗೆ 0.1 ಇರುತ್ತದೆ, ಮೊದಲ ಹತ್ತು ಶೇಕಡಾ ಸಾಲು ಬೇಗ ಸಿಗುವ ಪ್ಲಾನ್ ಆರಿಸಿಕೊಳ್ಳುತ್ತದೆ. ಕೊನೆಯವರೆಗೂ ಓದುವ ಕೆಲಸಕ್ಕೆ 1.0 ಮಾಡಿದೆ, ನೆನಪಿದ್ದಂತೆ ಸಮಯ ಅರ್ಧಕ್ಕಿಳಿಯಿತು.