ತಿಮರೆಯ ಗ್ಲಿಸರಿನ್ ಸಾರ: ಮುಖಕ್ಕೆ ಹಚ್ಚಲು ಮನೆಯಲ್ಲೇ ಮಾಡುವ ಬಗೆ

ಮಂಗಳೂರು, ಉಡುಪಿಯ ಮನೆಗಳಲ್ಲಿ ತಂಬುಳಿಗೆಂದು ಕೀಳುವ ತಿಮರೆ, ಅಂದರೆ ಒಂದೆಲಗ, ಈಗ ‘ಸಿಕಾ’ ಹೆಸರಿನಲ್ಲಿ ದುಬಾರಿ ಕ್ರೀಮುಗಳಲ್ಲೂ ಇದೆ. ಅದರ ಮುಖ್ಯ ಅಂಶಗಳು ಏಷ್ಯಾಟಿಕೋಸೈಡ್, ಮ್ಯಾಡೆಕ್ಯಾಸೋಸೈಡ್. ಚರ್ಮದ ಕೋಶಗಳು ಟೈಪ್ 1 ಕೊಲಾಜೆನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಹೆಚ್ಚು ತಯಾರಿಸಲು ಇವು ಪ್ರಚೋದಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ವಯಸ್ಸಾದಂತೆ ಕುಗ್ಗುವುದೂ ಅದೇ ಕೊಲಾಜೆನ್.

ನಮ್ಮಲ್ಲಿ ರೂಢಿ ಎಲೆಯನ್ನು ತೆಂಗಿನೆಣ್ಣೆಯಲ್ಲಿ ಕಾಯಿಸುವುದು. ತಲೆಗೆ ಅದು ಸರಿ, ಮುಖದ ಸುಕ್ಕಿಗಲ್ಲ. ಈ ಎರಡು ಅಂಶಗಳಿಗೂ ಸಕ್ಕರೆಯ ಕಣಗಳು ಅಂಟಿಕೊಂಡಿರುವುದರಿಂದ ಎಣ್ಣೆಗೆ ಸರಿಯಾಗಿ ಇಳಿಯುವುದಿಲ್ಲ. ಗ್ಲಿಸರಿನ್ ಬೆರೆಸಿದ ನೀರೇ ವಾಸಿ.

ಎಲೆಯನ್ನು ತೋಟದ ತಂಪು ಜಾಗದಿಂದಲೋ ಕುಂಡದಿಂದಲೋ ಕೀಳಿ. ರಸ್ತೆ ಬದಿಯ ಚರಂಡಿಯದ್ದು ಬೇಡವೇ ಬೇಡ, ಈ ಗಿಡ ಮಣ್ಣಿನ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ. ತೊಳೆದು, ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಫ್ಯಾನಿನಡಿ ಹರಡಿ. ನಮ್ಮ ಮಳೆಗಾಲದಲ್ಲಿ ಎಲೆ ಒಣಗಿದಂತೆ ಕಂಡರೂ ತೊಟ್ಟು ಮೆತ್ತಗಿರುತ್ತದೆ. ತೊಟ್ಟು ಬಗ್ಗಿಸಿದಾಗ ಚಟಕ್ಕನೆ ಮುರಿಯಬೇಕು, ಎಲೆ ಬೆರಳಲ್ಲಿ ಪುಡಿಯಾಗಬೇಕು. ಇಲ್ಲಿ ಎಡವಿದರೆ ಸಾರ ಹಾಳಾಗಬಹುದು: ಉಳಿದ ತೇವ ಗ್ಲಿಸರಿನ್ನನ್ನು ತೆಳುವಾಗಿಸಿ ಬೂಸ್ಟು ಹಿಡಿಸುತ್ತದೆ.

ಒಣಪುಡಿ 10 ಗ್ರಾಂ, ಗ್ಲಿಸರಿನ್ 110 ಗ್ರಾಂ, ಕುದಿಸಿ ಆರಿಸಿದ ನೀರು 40 ಗ್ರಾಂ. ಅಳತೆ ತಕ್ಕಡಿಯಲ್ಲೇ ಆಗಲಿ. ಗ್ಲಿಸರಿನ್ ನೀರಿಗಿಂತ ಭಾರ, ಮಿಲಿಲೀಟರ್ ಲೆಕ್ಕ ತಪ್ಪುತ್ತದೆ. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ, ದಿನಾ ಅಲುಗಾಡಿಸುತ್ತ ಎರಡು ವಾರ ಕತ್ತಲಲ್ಲಿಡಿ. ಪಂಚೆಬಟ್ಟೆಯಲ್ಲಿ ಸೋಸಿ, ಕಾಫಿ ಫಿಲ್ಟರ್ ಕಾಗದದಲ್ಲಿ ಇನ್ನೊಮ್ಮೆ ಸೋಸಿ ಫ್ರಿಜ್ಜಿನಲ್ಲಿಡಿ.

ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ನೋಡಿ. ಒಂದೆಲಗದಿಂದ ಅಲರ್ಜಿ ಆಗುವವರಿದ್ದಾರೆ. ತುರಿಕೆ, ಕೆಂಪು ಕಂಡರೆ ಮುಖಕ್ಕೆ ತಾಗಿಸಬೇಡಿ. ರಾತ್ರಿ ಒದ್ದೆ ಮುಖಕ್ಕೆ ನಾಲ್ಕೈದು ಹನಿಯನ್ನು ಅಷ್ಟೇ ನೀರಿನೊಂದಿಗೆ ಅಂಗೈಯಲ್ಲಿ ಬೆರೆಸಿ ಹಚ್ಚಿ. ನೀರು ಬೆರೆಸದಿದ್ದರೆ ಕರಾವಳಿಯ ಸೆಖೆಯಲ್ಲಿ ಅಂಟಂಟು.

ಮನೆಯ ಸಾರದಲ್ಲಿ ಏಷ್ಯಾಟಿಕೋಸೈಡ್ ಎಷ್ಟಿದೆ ಎಂದು ಅಳೆಯಲಾಗದು. ಮೊದಲು ಕಾಣುವುದು ಗ್ಲಿಸರಿನ್ ತರುವ ಮೃದುತ್ವ. ಕೊಲಾಜೆನ್ ಕೆಲಸವೇನಿದ್ದರೂ ತಿಂಗಳುಗಳದ್ದು, ಅದೂ ಹಗಲು ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಹಚ್ಚಿದರೆ ಮಾತ್ರ, ಏಕೆಂದರೆ ಬಿಸಿಲೇ ಕೊಲಾಜೆನ್ ಒಡೆಯುತ್ತದೆ. ಹುಳಿ ವಾಸನೆ, ನೊರೆ, ಮೇಲೆ ಬಿಳಿ ಪೊರೆ, ಯಾವುದು ಕಂಡರೂ ಚೆಲ್ಲಿ. ಚೆನ್ನಾಗಿದ್ದರೂ ಮೂರು ತಿಂಗಳಿಗಿಂತ ಹೆಚ್ಚು ಇಡಬೇಡಿ.