ಡೊಮೈನ್ ಹೆಸರು ಕೊಳ್ಳುವ ಮೊದಲು ಟ್ರೇಡ್‌ಮಾರ್ಕ್ ನೋಡಿಕೊಳ್ಳುವ ಬಗೆ

ಮದ್ದೂರು, ಪಾಂಡವಪುರದ ಕಡೆಯ ಆಲೆಮನೆಯವರು ಬೆಲ್ಲವನ್ನು ಮಂಡಿಗೆ ಹಾಕುವುದರ ಜೊತೆಗೆ ಸ್ವಂತ ಹೆಸರಿನ ಪೊಟ್ಟಣಗಳಲ್ಲಿ ಅಂತರ್ಜಾಲದ ಮೂಲಕವೂ ಮಾರಲು ಮುಂದಾಗುತ್ತಿದ್ದಾರೆ. ಮೈಸೂರಿನ ಊದುಬತ್ತಿ ತಯಾರಕರು, ಸೀರೆ ಅಂಗಡಿಯವರು ಕೂಡ ಅದೇ ದಾರಿ ಹಿಡಿದಿದ್ದಾರೆ. ಇವರಲ್ಲಿ ಅನೇಕರು ಮೊದಲು ಡೊಮೈನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡು, ಆಮೇಲೆ ಲೇಬಲ್ಲು, ಬೋರ್ಡು, ಪೊಟ್ಟಣಗಳನ್ನೆಲ್ಲ ಅಚ್ಚು ಹಾಕಿಸಿ, ಟ್ರೇಡ್‌ಮಾರ್ಕಿನ, ಅಂದರೆ ವ್ಯಾಪಾರದ ಗುರುತಿನ ವಿಚಾರವನ್ನು ಕೊನೆಗೆ ಯೋಚಿಸುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ಈ ಬರಹದ ಒತ್ತಾಯ.

ಡೊಮೈನ್ ಹೆಸರುಗಳನ್ನು ಮಾರುವ ಸಂಸ್ಥೆಯಾದ ರಿಜಿಸ್ಟ್ರಾರ್‌ನ ತಾಣದಲ್ಲಿ ಒಂದು ಹೆಸರು ‘ಲಭ್ಯವಿದೆ’ ಎಂದು ಕಾಣಿಸಿದರೆ, ಅದೇ ಅಕ್ಷರಗಳನ್ನು ಅದೇ ಕ್ರಮದಲ್ಲಿ, ಅದೇ ಡಾಟ್ ಕಾಮ್ ಅಥವಾ ಡಾಟ್ ಇನ್ ಅಡಿಯಲ್ಲಿ ಈವರೆಗೆ ಬೇರೆ ಯಾರೂ ನೋಂದಾಯಿಸಿಲ್ಲ ಎಂದಷ್ಟೇ ಅರ್ಥ. ಮೊದಲು ಬಂದವರಿಗೆ ಹೆಸರು ಕೊಡುವುದು ರಿಜಿಸ್ಟ್ರಾರ್‌ನ ಕೆಲಸವೇ ಹೊರತು, ಅದು ಇನ್ನೊಬ್ಬರ ಟ್ರೇಡ್‌ಮಾರ್ಕೇ ಎಂದು ಪರಿಶೀಲಿಸುವುದಲ್ಲ. ಬದಲಾಗಿ, ಈ ನೋಂದಣಿಯಿಂದ ತನಗೆ ತಿಳಿದಮಟ್ಟಿಗೆ ಯಾರ ಹಕ್ಕಿಗೂ ಧಕ್ಕೆಯಾಗುವುದಿಲ್ಲ ಎಂಬ ಹೇಳಿಕೆಯನ್ನು ಕೊಳ್ಳುವವರಿಂದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಲಾಗುತ್ತದೆ. ಖಾಲಿ ಬಿದ್ದಿರುವ ನಿವೇಶನಕ್ಕೆ ಯಜಮಾನರಿಲ್ಲ ಎಂದುಕೊಂಡು ಬೇಲಿ ಹಾಕುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ನಮ್ಮ ನ್ಯಾಯಾಲಯಗಳು ಈ ವಿಚಾರವನ್ನು ಎಂದೋ ಇತ್ಯರ್ಥಪಡಿಸಿವೆ. ಸತ್ಯಂ ಇನ್ಫೋವೇ ಸಂಸ್ಥೆಯು ‘ಸಿಫಿ’ ಎಂಬ ತನ್ನ ಹೆಸರಿಗಾಗಿ ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ ದಾವೆ ಕರ್ನಾಟಕ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎದುರುದಾರರು ಇನ್ನೊಂದು ‘ಎಫ್’ ಸೇರಿಸಿ ‘ಸಿಫ್ಫಿನೆಟ್’ ಎಂಬ ಡೊಮೈನ್‌ಗಳನ್ನು ನೋಂದಾಯಿಸಿದ್ದರು. ಅದು ತಮ್ಮ ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಹುಟ್ಟಿದ್ದು ಎಂದು ವಾದಿಸಿದರು. ಸುಪ್ರೀಂ ಕೋರ್ಟ್ ಆ ವಿವರಣೆಯನ್ನು ಒಪ್ಪಲಿಲ್ಲ. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ಅದು ವ್ಯಾಪಾರದ ಗುರುತಾಗಿಯೂ ಕೆಲಸ ಮಾಡುತ್ತದೆ, ಆದ್ದರಿಂದ ಒಬ್ಬರ ಸರಕನ್ನು ಇನ್ನೊಬ್ಬರ ಹೆಸರಿನಲ್ಲಿ ದಾಟಿಸುವ ‘ಪಾಸಿಂಗ್ ಆಫ್’ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ ಎಂದು 2004ರಲ್ಲಿ ತೀರ್ಪು ಕೊಟ್ಟಿತು. ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡಿದರೆ ಪಾರಾಗಬಹುದು ಎಂದು ಸಲಹೆ ಕೊಡುವವರ ಮಾತಿಗೆ ಇನ್ನು ಬೆಲೆಯಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಒಂದು ಆಲೆಮನೆಯವರು ‘ಹೊನ್ನಾಲೆ’ ಎಂಬ ಹೆಸರನ್ನು ಆಯ್ದಿದ್ದಾರೆ ಎಂದು ಇಟ್ಟುಕೊಳ್ಳೋಣ. ಭಾರತ ಸರ್ಕಾರದ ಟ್ರೇಡ್‌ಮಾರ್ಕ್ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪಬ್ಲಿಕ್ ಸರ್ಚ್ ಇದೆ. ಅಲ್ಲಿ ಹೆಸರಿನ ಜೊತೆಗೆ ಸರಕಿನ ವರ್ಗ, ಅಂದರೆ ಕ್ಲಾಸ್ ಸಂಖ್ಯೆಯನ್ನೂ ಕೊಡಬೇಕು. ಒಟ್ಟು 45 ವರ್ಗಗಳಿವೆ. ಬೆಲ್ಲ 30ನೆಯ ವರ್ಗಕ್ಕೆ, ಊದುಬತ್ತಿ 3ಕ್ಕೆ, ರೇಷ್ಮೆ ಬಟ್ಟೆ 24ಕ್ಕೆ, ಸಿದ್ಧ ಉಡುಪು 25ಕ್ಕೆ ಸೇರುತ್ತವೆ. ಅಂಗಡಿ ಅಥವಾ ಆನ್‌ಲೈನ್ ಮಾರಾಟದ ಸೇವೆ 35ಕ್ಕೆ ಬರುವುದರಿಂದ ಅದನ್ನೂ ನೋಡಬೇಕು. ಮೊದಲು ಪದಗಳನ್ನು ಹುಡುಕುವ ವರ್ಡ್‌ಮಾರ್ಕ್ ಆಯ್ಕೆಯಲ್ಲಿ ಪೂರ್ತಿ ಹೆಸರನ್ನು ಹುಡುಕಿ, ಆಮೇಲೆ ‘ಹೊನ್ನ’ ಎಂಬ ಭಾಗವಷ್ಟೇ ಇರುವ ಹೆಸರುಗಳನ್ನೂ ಹುಡುಕಿ ನೋಡಿ, ಕೊನೆಗೆ ಉಚ್ಚಾರಣೆಯ ಹೋಲಿಕೆಯನ್ನು ತೋರಿಸುವ ಫೊನೆಟಿಕ್ ಆಯ್ಕೆಗೆ ಹೋಗಬೇಕು.

ಕನ್ನಡದ ಹೆಸರುಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ‘ಹೊನ್ನಾಲೆ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದೇ ‘ಎನ್’ ಇಡುವವರಿದ್ದಾರೆ, ಎರಡು ಇಡುವವರಿದ್ದಾರೆ. ದೀರ್ಘಕ್ಕೆ ‘ಎ’ ಅಕ್ಷರವನ್ನು ಎರಡು ಸಲ ಬರೆಯುವವರೂ ಇದ್ದಾರೆ. ಈ ಎಲ್ಲ ಬರವಣಿಗೆಗಳನ್ನೂ ಕಾಗದದಲ್ಲಿ ಬರೆದುಕೊಂಡು ಒಂದೊಂದನ್ನೇ ಹುಡುಕದಿದ್ದರೆ ಆ ಹುಡುಕಾಟ ಅರ್ಧಂಬರ್ಧವೇ ಸರಿ, ಏಕೆಂದರೆ ಗ್ರಾಹಕರು ಹೆಸರನ್ನು ನೆನಪಿಟ್ಟುಕೊಳ್ಳುವುದು ಕಿವಿಯಿಂದ, ಮತ್ತು ನ್ಯಾಯಾಲಯವೂ ಸಾಮಾನ್ಯ ಗ್ರಾಹಕರ ಆ ಅರೆನೆನಪನ್ನೇ ಅಳತೆಗೋಲಾಗಿ ಹಿಡಿಯುತ್ತದೆ.

ಹುಡುಕಿದಾಗ ಸಿಕ್ಕ ಹೆಸರಿನ ಮುಂದೆ ‘ರಿಜಿಸ್ಟರ್ಡ್’ ಎಂದಿದ್ದರೆ ಆ ಹೆಸರನ್ನು ಬಿಡುವುದೇ ಲೇಸು. ‘ಅಬ್ಯಾಂಡನ್ಡ್’ ಎಂದಿದ್ದರೂ ನಿಶ್ಚಿಂತರಾಗುವಂತಿಲ್ಲ. ಅರ್ಜಿಯನ್ನು ಕೈಬಿಟ್ಟವರು ವ್ಯಾಪಾರವನ್ನೂ ಕೈಬಿಟ್ಟಿದ್ದಾರೆ ಎಂದೇನಲ್ಲ. ನೋಂದಣಿ ಇಲ್ಲದೆಯೂ ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮನ್ನಿಸುತ್ತದೆ. ಆದ್ದರಿಂದ ಮಾರಾಟ ತಾಣಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ, ಕಂಪನಿ ಹೆಸರುಗಳ ಸರ್ಕಾರಿ ಪಟ್ಟಿಯಲ್ಲಿ ನೋಡುವುದರ ಜೊತೆಗೆ, ಊರಿನ ಅಂಗಡಿ ಬೀದಿಗಳಲ್ಲಿ ಅದೇ ಹೆಸರಿನ ಪೊಟ್ಟಣ ಕಂಡಿದೆಯೇ ಎಂದು ವಿಚಾರಿಸುವುದೂ ಅಗತ್ಯ. ಟಾಟಾ, ಇನ್ಫೋಸಿಸ್‌ನಂತಹ ಸುಪ್ರಸಿದ್ಧ ಗುರುತುಗಳ ವಿಷಯದಲ್ಲಂತೂ ‘ನಾವು ಮಾರುವುದು ಬೆಲ್ಲ’ ಎಂಬ ಸಮಾಧಾನ ಸಾಲದು; ಅವುಗಳಿಗೆ ಬೇರೆ ವರ್ಗದ ಸರಕುಗಳ ಎದುರಿನಲ್ಲೂ ರಕ್ಷಣೆಯಿದೆ.

ಮೈಸೂರಿನವರು ಹೆಚ್ಚು ಎಚ್ಚರವಾಗಿರಬೇಕಾದದ್ದು ಊರಿನ ಹೆಸರಿನ ವಿಷಯದಲ್ಲಿ. ‘ಮೈಸೂರು’ ಎಂಬ ಊರಿನ ಹೆಸರೊಂದನ್ನೇ ಯಾರೂ ಸುಲಭವಾಗಿ ತಮ್ಮ ಗುರುತಾಗಿ ಮಾಡಿಕೊಳ್ಳಲಾರರು, ಏಕೆಂದರೆ ಸರಕಿನ ಮೂಲಸ್ಥಳವನ್ನಷ್ಟೇ ಹೇಳುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಆದರೆ ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಶ್ರೀಗಂಧದ ಎಣ್ಣೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಮುಂತಾದವು ಭೌಗೋಳಿಕ ಸೂಚಕಗಳಾಗಿ, ಅಂದರೆ ಜಿಐ ಟ್ಯಾಗ್ ಪಡೆದು, ಪ್ರತ್ಯೇಕ ಕಾಯ್ದೆಯಡಿ ನೋಂದಣಿಯಾಗಿವೆ. ಮೈಸೂರು ರೇಷ್ಮೆಯ ಸೂಚಕ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿದೆ. ಬೇರೆ ಕಡೆ ನೇಯ್ದ ಸೀರೆಗಳನ್ನು ಮಾರುವವರು ತಮ್ಮ ಡೊಮೈನಿನಲ್ಲಿ ‘ಮೈಸೂರು ರೇಷ್ಮೆ’ ಎಂದು ಹಾಕಿಕೊಂಡರೆ ಕೊಳ್ಳುವವರಿಗೆ ಮೋಸವಾಗುತ್ತದೆ, ಮತ್ತು ನಮ್ಮ ನೇಕಾರರ ಹೆಸರಿಗೂ ಕಳಂಕ ಬರುತ್ತದೆ; ಕಾನೂನಿನ ತೊಡಕು ಇವೆರಡರ ನಂತರದ ಮಾತು.

ಮನೆತನದ ಅಥವಾ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದನ್ನು ಸಮರ್ಥಿಸಿಕೊಳ್ಳುವ ಖರ್ಚು ಸಣ್ಣದಲ್ಲ. ಅಮೆರಿಕದ ಊಜಿ ನಿಸ್ಸಾನ್ 1994ರಲ್ಲಿ ತಮ್ಮ ಹೆಸರಿನಲ್ಲೇ ಡಾಟ್ ಕಾಮ್ ಪಡೆದಿದ್ದರೂ, 1999ರಲ್ಲಿ ನಿಸ್ಸಾನ್ ಮೋಟಾರ್ ಕಂಪನಿ ಹೂಡಿದ ದಾವೆಯನ್ನು ವರ್ಷಗಟ್ಟಲೆ ಎದುರಿಸಿ ಅದನ್ನು ಉಳಿಸಿಕೊಳ್ಳಬೇಕಾಯಿತು.

ಹೆಸರು ನಿರಾತಂಕವೆಂದು ಖಚಿತವಾದ ಮೇಲೆ ಡೊಮೈನನ್ನು ಕೊಂಡು, ಅದೇ ವಾರ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಸಲ್ಲಿಸುವುದು ಒಳ್ಳೆಯದು. ಡೊಮೈನ್ ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ, ವ್ಯಾಪಾರದ ಮಾಲೀಕರ ಹೆಸರು ಮತ್ತು ಇಮೇಲ್‌ನಲ್ಲೇ ಇರಬೇಕು. ಕೈಗೆಟುಕಿದರೆ ಡಾಟ್ ಕಾಮ್, ಡಾಟ್ ಇನ್ ಎರಡನ್ನೂ, ಜೊತೆಗೆ ಕನ್ನಡ ಲಿಪಿಯಲ್ಲೇ ಸಿಗುವ ಡಾಟ್ ಭಾರತ ಹೆಸರನ್ನೂ ಪಡೆಯಬಹುದು. ನವೀಕರಣದ ದಿನವನ್ನು ಮರೆಯಬಾರದು. ಟ್ರೇಡ್‌ಮಾರ್ಕ್ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸುವ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕವಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿಯು ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್ಲಿನಲ್ಲಿ ಪ್ರಕಟವಾದ ಬಳಿಕ ಆಕ್ಷೇಪಣೆಗೆ 4 ತಿಂಗಳ ಕಾಲಾವಕಾಶ ಇರುತ್ತದೆ. ನೋಂದಣಿಯಾದರೆ 10 ವರ್ಷ ಊರ್ಜಿತವಾಗಿದ್ದು, ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿ ಆಗುವವರೆಗೆ ‘ಟಿಎಮ್’ ಎಂದಷ್ಟೇ ಹಾಕಬೇಕು. ವೃತ್ತದೊಳಗಿನ ‘ಆರ್’ ಚಿಹ್ನೆಯನ್ನು ಅದಕ್ಕೂ ಮೊದಲು ಬಳಸುವುದು ತಪ್ಪು.

ಇಷ್ಟು ಮಾಡಿದ ಮೇಲೂ ತಕರಾರಿನ ಪತ್ರ ಬಂದರೆ ಸುಮ್ಮನೆ ಕೂರಬಾರದು. ಡಾಟ್ ಕಾಮ್ ಹೆಸರುಗಳ ವ್ಯಾಜ್ಯಗಳನ್ನು ಯುಡಿಆರ್‌ಪಿ ಎಂಬ ಅಂತರರಾಷ್ಟ್ರೀಯ ನಿಯಮದಡಿ, ಡಾಟ್ ಇನ್ ವ್ಯಾಜ್ಯಗಳನ್ನು ಐಎನ್‌ಡಿಆರ್‌ಪಿ ನಿಯಮದಡಿ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಯುಡಿಆರ್‌ಪಿಯಲ್ಲಿ ದೂರುದಾರರು ಮೂರನ್ನೂ ಸಾಬೀತು ಮಾಡಬೇಕು: ಹೆಸರು ತಮ್ಮ ಗುರುತನ್ನು ಗೊಂದಲವಾಗುವಷ್ಟು ಹೋಲುತ್ತದೆ, ಹೊಂದಿದವರಿಗೆ ಅದರಲ್ಲಿ ನ್ಯಾಯಯುತ ಹಿತಾಸಕ್ತಿಯಿಲ್ಲ, ದುರುದ್ದೇಶದಿಂದಲೇ ಅದನ್ನು ನೋಂದಾಯಿಸಿ ಬಳಸಲಾಗಿದೆ. ಡಾಟ್ ಇನ್ ವಿಷಯದಲ್ಲಿ ದುರುದ್ದೇಶ ನೋಂದಣಿಯಲ್ಲಿ ಇದ್ದರೂ ಸಾಕು, ಬಳಕೆಯಲ್ಲಿ ಇದ್ದರೂ ಸಾಕು. ಯುಡಿಆರ್‌ಪಿ ದೂರಿಗೆ ಉತ್ತರಿಸಲು 20 ದಿನಗಳಷ್ಟೇ ಸಿಗುತ್ತವೆ. ಆದ್ದರಿಂದ ಮೊದಲ ಮಾರಾಟದ ಬಿಲ್ಲು, ಜಿಎಸ್‌ಟಿ ನೋಂದಣಿ, ಆಹಾರ ಪರವಾನಗಿ, ಲೇಬಲ್ಲಿನ ಅಚ್ಚಿನ ರಸೀದಿ ಇವೆಲ್ಲವೂ ದಿನಾಂಕದೊಡನೆ ಒಂದೇ ಕಡತದಲ್ಲಿರಲಿ. ತಕರಾರು ಬರುವ ಮೊದಲೇ ಪ್ರಾಮಾಣಿಕವಾಗಿ ವ್ಯಾಪಾರ ನಡೆಯುತ್ತಿತ್ತು ಎಂಬುದಕ್ಕೆ ಇವೇ ಸಾಕ್ಷಿ. ‘ಇಷ್ಟು ಲಕ್ಷ ಕೊಟ್ಟರೆ ಬಿಟ್ಟುಕೊಡುತ್ತೇವೆ’ ಎಂದು ಮಾತ್ರ ಎಂದೂ ಉತ್ತರ ಬರೆಯಬಾರದು, ಏಕೆಂದರೆ ಮಾಡಿದ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವ ಉದ್ದೇಶವನ್ನು ನಿಯಮವೇ ದುರುದ್ದೇಶದ ಲಕ್ಷಣವೆಂದು ಹೆಸರಿಸಿದೆ.

ತಮ್ಮದೇ ಹೆಸರನ್ನು ಬೇರೆಯವರು ಕಸಿದಾಗಲೂ ಇದೇ ವೇದಿಕೆಗಳಿವೆ. ಅಲ್ಲಿ ಡೊಮೈನನ್ನು ರದ್ದುಮಾಡಿಸಬಹುದು ಅಥವಾ ತಮಗೆ ವರ್ಗಾಯಿಸಿಕೊಳ್ಳಬಹುದು, ನಷ್ಟಪರಿಹಾರ ಮಾತ್ರ ಸಿಗುವುದಿಲ್ಲ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ಮಧ್ಯಸ್ಥಗಾರರ ಮುಂದೆ ಐದು ಹೆಸರುಗಳವರೆಗಿನ ದೂರಿಗೆ 1,500 ಡಾಲರ್ ಶುಲ್ಕವಿದ್ದು, ಸಣ್ಣ ಉದ್ದಿಮೆಗೆ ಇದು ಭಾರವೇ. ಗುರುತು ನೋಂದಣಿಯಾಗಿದ್ದರೆ ಇನ್ನೊಂದು ದಾರಿ ತೆರೆದಿರುತ್ತದೆ: ಎದುರುದಾರರು ದೆಹಲಿಯಲ್ಲಿದ್ದರೂ, ಕಾಯ್ದೆಯ 134ನೆಯ ಸೆಕ್ಷನ್ ಪ್ರಕಾರ ತಾವು ವ್ಯಾಪಾರ ನಡೆಸುವ ಮಂಡ್ಯ ಅಥವಾ ಮೈಸೂರಿನ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ಉಲ್ಲಂಘನೆಯ ದಾವೆ ಹೂಡಿ, ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು.